ಸೀಟಿ ಊದುವವನ ಸಂಕಟ

ನಮ್ಮ ಹಿತ್ತಲಕ್ಕೂ ಕಾಕಾನ ಹಿತ್ತಲಕ್ಕೂ ನಡುವೆ ಇರುವುದು ಹೆಸರಿಗೆ ಬೇಲಿ. ನಾಲ್ಕೆಳೆ ಮುಳ್ಳುತಂತಿ, ಅದರ ಮೇಲೆ ಕಾಕು ಹಬ್ಬಿಸಿದ ಹೀರೇಬಳ್ಳಿ. ಕಾಯಿ ಯಾವ ಕಡೆ ಜೋತರೆ ಆ ಕಡೆಯವರದು ಎಂಬ ಕರಾರು ಹನ್ನೊಂದು ವರ್ಷದಿಂದ ನಡೆದು ಬಂದಿದೆ. ನೀರು ಹಾಕುವವರು ಅವರು, ಕಾಯಿ ಮಾತ್ರ ಯಾಕೋ ನಮ್ಮ ಕಡೆಗೇ ಜೋಲುತ್ತದೆ. ಆ ಋಣಕ್ಕೆ ನಾನು ದಿನಾ ಮುಂಜಾನೆ ಚಹಾದ ಕಪ್ಪು ಹಿಡಿದು ಬೇಲಿಗೆ ನಿಂತು ಕಾಕಾನ ಮಾತು ಕೇಳಬೇಕು.

ಅವತ್ತು ಬಾಯಿ ತೆಗೆದದ್ದು ಕಾಕಾ ಅಲ್ಲ, ಕಾಕು.

“ಮಾಸ್ತರ, ನಿನ್ನಿ ರಾತ್ರಿ ನಿಮ್ಮ ಮನ್ಯಾಗ ಏನ ಬಿತ್ತರಿ? ಅಟ್ಟದ ಮ್ಯಾಲಿನ ಭಾಂಡೆ ಎಲ್ಲಾ ಒಮ್ಮೆಲೆ ಉಳ್ಳಿದಂಗ ಸಪ್ಪಳಾತು.”

“ಏನೂ ಬಿದ್ದಿಲ್ಲ ಕಾಕು. ಅದು ಆರ್ಕೆಸ್ಟ್ರಾ.”

ಕಾಕುನ ಮುಖ ಅರಳಿತು. “ಹೌದಾ? ಹಾಡಾಕ ಯಾರ ಬರತಾರ? ಹೋದ ವರ್ಷ ಜಾತ್ರ್ಯಾಗ ಬಂದಿದ್ಲಲ್ಲ, ಚಮಕಿ ಸೀರಿಯಾಕಿ, ಆಕೀನ ಕರಸ್ರಿ. ಭಾಳ ಚಲೋ ಹಾಡ್ತಾಳ.”

ತಪ್ಪು ಕಾಕುದಲ್ಲ. ಬೈಲಹೊಂಗಲದಿಂದ ರಾಮದುರ್ಗದವರೆಗೆ ಯಾರನ್ನೇ ಕೇಳಿ, ಆರ್ಕೆಸ್ಟ್ರಾ ಅಂದರೆ ರಸಮಂಜರಿ. ಟ್ರ್ಯಾಕ್ಟರ್ ಟ್ರೇಲಿ ಜೋಡಿಸಿ ಕಟ್ಟಿದ ಸ್ಟೇಜು, ಒಂದು ಕ್ಯಾಸಿಯೊ, ಒಂದು ಪ್ಯಾಡು, ಸಿನೆಮಾ ಹಾಡು, ನಡುನಡುವೆ ನೂರು ರೂಪಾಯಿ ಕೊಟ್ಟವರ ಹೆಸರಿನ ಘೋಷಣೆ. ಇಪ್ಪತ್ತು ಜನ ಕೂಡಿ ಬೇರೆ ಬೇರೆ ವಾದ್ಯ ಹಿಡಿದು, ಹಾಡುವವರೇ ಇಲ್ಲದೆ ಒಂದೇ ಸಂಗೀತ ನುಡಿಸುತ್ತಾರೆ ಅಂತ ನಾನು ಬಿಡಿಸಿ ಹೇಳಿದೆ. ಕಾಕು ಕೇಳಿದ್ದು ಒಂದೇ ಪ್ರಶ್ನೆ: “ಹಾಡೂ ಇಲ್ಲಂದ್ರ ಜನ ಯಾಕ ಕುಂದರಬೇಕು?”

ಈ ಉಸಾಬರಿ ನನ್ನ ಕೊರಳಿಗೆ ಬಿದ್ದದ್ದು ಹೀಗೆ. ಹೋದ ಸಲ ಗಣಪತಿ ಕಳಿಸುವಾಗ ನಮ್ಮ ಓಣಿ ಹುಡುಗರು ಡಾಲ್ಬಿ ತರಿಸಿದ್ದರು. ಇದು ಸಿನೆಮಾ ಥೇಟರಿನ ಡಾಲ್ಬಿ ಅಲ್ಲ. ನಮ್ಮ ಬೆಳಗಾವಿ ಕಡೆ ಟ್ರಕ್ಕಿನ ತುಂಬ ಪೆಟ್ಟಿಗೆ ಪೇರಿಸಿದ ಸ್ಪೀಕರಿಗೆಲ್ಲ ಅದೇ ಹೆಸರು. ಅದು ಓಣಿಯೊಳಗೆ ಬಂದಾಗ ಕಾಕಾನ ಮಾಳಿಗೆಯ ಮಣ್ಣು ಉದುರಿತು, ನಮ್ಮ ಎಮ್ಮೆ ಎರಡು ದಿನ ಹಾಲು ಕೊಡಲಿಲ್ಲ. ಈ ಸಲ ಹಿರಿಯರು ಕೂಡಿ ಬೇಡ ಎಂದರು. ಹುಡುಗರು ಮುಖ ಊದಿಸಿಕೊಂಡರು. ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. ಸಾಲಿಯಲ್ಲಿ ಮೂವತ್ತು ವರ್ಷ ಹಾರ್ಮೋನಿಯಂ ಒತ್ತುತ್ತ ಪ್ರಾರ್ಥನೆ ಮಾಡಿಸಿದ ಧೈರ್ಯದಲ್ಲಿ, “ನೀವ ಬಾರಸ್ರಿ, ನಾ ಕಲಸ್ತೀನಿ” ಅಂದುಬಿಟ್ಟೆ.

ಮರುದಿನ ಸಂಜೆ ಅಂಗಳದಲ್ಲಿ ಇಪ್ಪತ್ತೆರಡು ಮಕ್ಕಳು. ಒಂಬತ್ತು ವರ್ಷದಿಂದ ಹತ್ತೊಂಬತ್ತರವರೆಗೆ, ಕೈಗೆ ಸಿಕ್ಕಿದ್ದೆಲ್ಲ ಹೊತ್ತುಕೊಂಡು ಬಂದಿದ್ದರು. ಡೊಳ್ಳು ಮೂರು, ಢೋಲು ನಾಲ್ಕು, ಝಾಂಜು ಆರು ಜೋಡಿ, ಕೊಳಲು ಮೂರು, ಭಜನಿ ಗುಡಿಯಿಂದ ಎರಡು ಹಾರ್ಮೋನಿಯಂ, ಒಂದು ತಬಲಾ, ಮದುವೆಗಳಲ್ಲಿ ಊದುವ ಮನೆತನದ ಹುಡುಗನದೊಂದು ಸನಾದಿ, ಅಜ್ಜಿಯ ಚೌಡಿಕೆ ಹಿಡಿದ ಒಬ್ಬ ಹುಡುಗಿ. ಕೊನೆಗೆ ಎಲ್ಲರಿಗಿಂತ ಸಣ್ಣವನೊಬ್ಬ, ಹೋಳಿಯ ಹಲಗಿ ಹಿಡಿದುಕೊಂಡು. ಅವನ ಹಲಗಿ ಅವನ ಮುಖಕ್ಕಿಂತ ದೊಡ್ಡದು.

“ಆರ ಝಾಂಜಿಗೆ ಮೂರ ಕೊಳಲು?” ಕಾಕಾ ಬೇಲಿಯಿಂದಲೇ ಲೆಕ್ಕ ಹಾಕಿದ. “ಮಾಸ್ತರ, ಆ ಕೊಳಲಿನವು ಮನೀಗೆ ಕಳಸ್ರಿ. ಪಾಪ, ದಣೀತಾವ.”

ಕಾಕಾನ ಮಾತಿನಲ್ಲಿ ನಮ್ಮ ಸೀಮೆಯ ಸಂಗೀತದ ಚರಿತ್ರೆಯೇ ಇತ್ತು. ಹಿಂದೂಸ್ತಾನಿ ಗಾಯನ ಅಂದರೆ ನಾವು ಎದೆ ಉಬ್ಬಿಸುವವರು. ಕುಮಾರ ಗಂಧರ್ವರು ಹುಟ್ಟಿದ್ದು ಇದೇ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ, 1924ರಲ್ಲಿ. ಮಲ್ಲಿಕಾರ್ಜುನ ಮನ್ಸೂರರ ಊರು ಧಾರವಾಡದ ಮಗ್ಗಲಲ್ಲೇ. ಆದರೆ ಅದೆಲ್ಲ ಒಬ್ಬೊಬ್ಬರ ಸಂಗೀತ. ನಡುವೆ ಒಬ್ಬ ಗವಾಯಿ, ಹಿಂದೆ ತಂಬೂರಿ, ಎಡಬಲಕ್ಕೆ ತಬಲಾ, ಹಾರ್ಮೋನಿಯಂ. ಗವಾಯಿ ಹೋದ ದಾರಿಯಲ್ಲಿ ಉಳಿದವರು ನೆರಳಿನಂತೆ ನಡೆಯಬೇಕು. ಕೂಡಿ ನುಡಿಸುವವರು ಇದ್ದದ್ದು ಬಯಲಲ್ಲಿ: ಕರಡಿ ಮಜಲು, ಡೊಳ್ಳಿನ ಮೇಳ, ಝಾಂಜ್ ಮೇಳ, ರಾತ್ರಿಯೆಲ್ಲ ಭಜನಿ, ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ. ಇವರಿಗೆ ಮೈಕಿಲ್ಲ, ಮ್ಯಾಲೆ ಮಾಡಿಲ್ಲ. ಜಾತ್ರೆಯ ಗದ್ದಲದಲ್ಲಿ ಕೇಳಿಸಬೇಕು, ಅಷ್ಟೇ. ಹಾಗಾಗಿ ಕೂಡಿ ನುಡಿಸುವುದು ಅಂದರೆ ಜೋರಾಗಿ ನುಡಿಸುವುದು ಅಂತ ನಮ್ಮ ಹುಡುಗರ ರಕ್ತದಲ್ಲೇ ಇದೆ.

ಆರ್ಕೆಸ್ಟ್ರಾ ನಮ್ಮ ದೇಶಕ್ಕೆ ಹೊಸದಲ್ಲ. ಮೈಸೂರು ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದ ಬೇರೆ, ಆಂಗ್ಲ ವಾದ್ಯವೃಂದ ಬೇರೆ ಇದ್ದವು. ದಸರೆಯಲ್ಲಿ ಪೊಲೀಸ್ ಬ್ಯಾಂಡಿನವರು ಇಂದಿಗೂ ಎರಡನ್ನೂ ನುಡಿಸುತ್ತಾರೆ. ದಿಲ್ಲಿ ಆಕಾಶವಾಣಿ 1952ರಲ್ಲಿ ವಾದ್ಯವೃಂದ ಕಟ್ಟಿ ರವಿಶಂಕರರ ಕೈಗೆ ಕೊಟ್ಟಿತ್ತು. ಅವೆಲ್ಲ ಪಗಾರ ಪಡೆಯುವ ಪಂಡಿತರ ಮೇಳಗಳು. ನನ್ನ ಅಂಗಳದಲ್ಲಿ ಸೇರಿದವರಿಗೆ ಪಗಾರವೆಂದರೆ ನಮ್ಮವಳು ಮಾಡಿದ ಚುರುಮುರಿ.

ಮೊದಲ ಸಂಜೆಯ ಕತೆ ಹೇಳುತ್ತೇನೆ. ಹಾರ್ಮೋನಿಯಂ ಎರಡು ಅಂದೆನಲ್ಲ, ಎರಡರ ಸಾ ಬೇರೆ ಬೇರೆ. ಒಂದು ಗುಡಿಯ ತೇವದಲ್ಲಿ ಇಳಿದಿತ್ತು, ಇನ್ನೊಂದರ ಭಾತಿಯೊಳಗೆ ಇಲಿ ಮರಿ ಹಾಕಿತ್ತು. ಸನಾದಿಯ ಹುಡುಗನಿಗೆ ತುಟಿ ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ, ಅವನು ಯಾರ ಜೋಡಿಯಾದರೂ ಸಂಸಾರ ಮಾಡಬಲ್ಲ. ಚೌಡಿಕೆಗೆ ಇರುವುದೇ ಒಂದು ತಂತಿ. ಚರ್ಮದಿಂದ ಹೊರಟ ಅದನ್ನು ಬಿಗಿದಂತೆ, ಬಿಟ್ಟಂತೆ ಸ್ವರ ಏರಿ ಇಳಿಯುತ್ತದೆ. ಹಾರ್ಮೋನಿಯಂ ಒಂದೇ ಹಟಮಾರಿ. ಅದರ ಹನ್ನೆರಡು ಮನೆಗೆ ಹನ್ನೆರಡು ಬಾಗಿಲು, ನಡುವೆ ಓಣಿ ಇಲ್ಲ. ಎಲ್ಲರೂ ಅದರ ಮನೆಗೇ ಹೋಗಬೇಕು. ಚೌಡಿಕೆಯ ಹುಡುಗಿ ಒಂದು ಹೊತ್ತು ತಂತಿ ಜಗ್ಗಿ ನೋಡಿ, “ಸರ, ನಮ್ಮ ಆಯಿ ಇದನ್ನ ಯಾವ ಪೆಟಗೀಗೂ ಕೂಡ್ಸಿದ್ದಿಲ್ಲ” ಅಂತ ಮುಖ ತಿರುಗಿಸಿದಳು.

ಮಳೆಗಾಲದ ಸಂಜೆ ಬೇರೆ. ಊರ ಮಗ್ಗಲಿನ ಮಲಪ್ರಭೆಯ ಜಲಾಶಯ ರೇಣುಕಾಸಾಗರ ತುಂಬುತ್ತಿತ್ತು. ಹಿನ್ನೀರಿನ ಮೇಲಿಂದ ಬೀಸುವ ಗಾಳಿಗೆ ಒಂದು ತಾಸಿನಲ್ಲಿ ಚರ್ಮವೆಲ್ಲ ಸಡಿಲು, ಡೊಳ್ಳು “ಢಂ” ಅನ್ನುವ ಬದಲು ಹಸಿ ಗೋಡೆಗೆ ಬೆರಣಿ ತಟ್ಟಿದಂತೆ “ಡಬ್” ಅನ್ನತೊಡಗಿತು. ಹಲಗಿಯವನು ಮಾತ್ರ ಜಾಣ. ರದ್ದಿ ಹಾಳೆ ಸುಟ್ಟು ಹಲಗಿ ಕಾಯಿಸಿಕೊಂಡು ಬಂದ. ಅವನ “ಟಣಕ್” ಕಣಿವೆಯಾಚೆಗೂ ಕೇಳುತ್ತಿತ್ತು. ನವಿಲಿನ ಹೆಸರಿಟ್ಟುಕೊಂಡ ನಮ್ಮೂರ ಮರ್ಯಾದೆ ಉಳಿಸಲೋ ಎಂಬಂತೆ ಗುಡ್ಡದಲ್ಲಿ ಒಂದು ನವಿಲು ಉತ್ತರ ಕೊಟ್ಟಿತು, ಅದೂ ಬೇರೆ ಸಾ.

ಸ್ವರದ ಜಗಳ ಹೇಗೋ ಬಗೆಹರಿಯಿತು. ಬಗೆಹರಿಯದ್ದು ಲಯ. ಹುಡುಗರು ಕೂಡಿ ಬಾರಿಸಿದರೆ ಓಡುತ್ತಾರೆ. ಝಾಂಜಿನವ ಕೂದಲೆಳೆಯಷ್ಟು ಮುಂದೆ ಹೋದರೆ ಢೋಲಿನವ ಅವನನ್ನು ಹಿಡಿಯಲು ಓಡುತ್ತಾನೆ, ಡೊಳ್ಳಿನವ ಇಬ್ಬರನ್ನೂ. ಎರಡು ನಿಮಿಷದಲ್ಲಿ ಮಲಪ್ರಭೆಗೆ ಮಹಾಪೂರ. ಕರಡಿ ಮಜಲಿನವರು ಇದನ್ನು ಬಲ್ಲರು. ಮಜಲು ಅಂದರೆ ಪಯಣದ ಹಂತ. ಅವರು ಏರುವುದಿದ್ದರೂ ಮೆಟ್ಟಿಲ ಮೇಲೆ ಏರುತ್ತಾರೆ, ಜಾರುಬಂಡೆಯ ಮೇಲಲ್ಲ. ನಾನು ಹುಡುಗರನ್ನು ಎಬ್ಬಿಸಿ ಅಂಗಳದಲ್ಲಿ ಹೆಜ್ಜೆ ಹಾಕಿಸಿದೆ. ವಾದ್ಯ ಕೆಳಗೆ, ಬಾಯಲ್ಲಿ ಬೋಲು, ಕಾಲಲ್ಲಿ ತಾಳ. ಬಾಯಿ ಓಡಿದರೂ ಕಾಲು ಓಡುವುದಿಲ್ಲ. ಮುಂದೆ ಎಮ್ಮೆ ಕಟ್ಟಿದೆಯಲ್ಲ.

ಅದಕ್ಕೂ ಕಠಿಣವಾದದ್ದು ನಿಲ್ಲಿಸುವುದು. ನನ್ನ ಕೊರಳಲ್ಲಿ ಸೀಟಿ. ಇದು ಝಾಂಜ್ ಮೇಳದ ಪದ್ಧತಿ. ಮುಂದಿನವ ಸೀಟಿ ಹಿಡಿದಿರುತ್ತಾನೆ. ಎರಡು ಗಿಡ್ಡ ಸೀಟಿಗೆ ಪಟ್ಟು ಬದಲು, ಒಂದು ಉದ್ದ ಸೀಟಿಗೆ ಮೇಳ ಬಂದ್. ನಾನು ಉದ್ದ ಸೀಟಿ ಊದಿದೆ. ಹದಿನೈದು ಜನ ನಿಂತರು, ನಾಲ್ವರು ಇನ್ನೆರಡು ಪೆಟ್ಟು ಹಾಕಿದರು, ಇಬ್ಬರು ಕಣ್ಣು ಮುಚ್ಚಿಕೊಂಡು ಬಾರಿಸುತ್ತಲೇ ಇದ್ದರು. ಎಲ್ಲ ಮುಗಿದ ಮೇಲೆ, ಸುಂಯ್ ಅನ್ನುವ ಮೌನದಲ್ಲಿ, ಹಲಗಿ: ಟಣಕ್.

“ಯಾಕೋ?” ಅಂದೆ.

“ಎಲ್ಲಾರೂ ನಿಂತ್ರೋ ಇಲ್ಲೋ ನೋಡಾಕತ್ತಿದ್ದೆ ಸರ.”

ಕೈ ಬೀಸಿ ನೋಡಿದೆ, ಕೋಲು ಬೀಸಿ ನೋಡಿದೆ. ಕೋಲಿನ ವಿಷಯಕ್ಕೆ ಕಾಕುಗೆ ಲುಲ್ಲಿಯ ಕತೆ ಹೇಳಿದೆ. ಫ್ರಾನ್ಸಿನಲ್ಲಿ ಹದಿನಾಲ್ಕನೆಯ ಲೂಯಿಯ ಆಸ್ಥಾನ ಸಂಗೀತಗಾರ. ಆಗೆಲ್ಲ ಮೇಳ ನಡೆಸುವವರು ಗಾಳಿಯಲ್ಲಿ ಕಡ್ಡಿ ಆಡಿಸುತ್ತಿರಲಿಲ್ಲ, ಉದ್ದನೆಯ ಕೋಲನ್ನು ನೆಲಕ್ಕೆ ಕುಟ್ಟುತ್ತಿದ್ದರು. 1687ರಲ್ಲಿ ಅರಸ ಬೇನೆಯಿಂದ ಎದ್ದ ಸಂತೋಷಕ್ಕೆ ಮೇಳ ನಡೆಸುವಾಗ ಆ ಕೋಲು ತನ್ನದೇ ಕಾಲ್ಬೆರಳಿಗೆ ಬಿತ್ತು. ಗಾಯ ಕೊಳೆಯಿತು, ವೈದ್ಯರ ಮಾತು ಕೇಳಲಿಲ್ಲ, ಅದರಿಂದಲೇ ಸತ್ತ. ಕಾಕು ಬದನೆಕಾಯಿ ಹೆಚ್ಚುವುದನ್ನು ನಿಲ್ಲಿಸಿ ನನ್ನ ಚಪ್ಪಲಿ ನೋಡಿದಳು. “ಮಾಸ್ತರ, ನಾಳಿಂದ ಬೂಟ ಹಾಕ್ಕೋರಿ.”

ಕಾಕಾ ಅಷ್ಟು ಹೊತ್ತೂ ತಂತಿಗೆ ಕೈಯಿಟ್ಟು ನಿಂತಿದ್ದ. ಅವನು ನೀರಾವರಿ ಇಲಾಖೆಯಲ್ಲಿ ಕಾಲುವೆಗೆ ನೀರು ಬಿಡುವ ಕೆಲಸ ಮಾಡಿ ನಿವೃತ್ತಿಯಾದವನು.

“ನಿಮ್ಮ ಝಾಂಜಿನವರ ಮ್ಯಾಲಿನ ಹೊಲದವರು, ಮಾಸ್ತರ. ಅದ ನಿಮ್ಮ ತ್ರಾಸು.”

“ಅಂದ್ರ?”

“ಈ ಡ್ಯಾಮಿನ್ಯಾಗ ಮೂವತ್ತೇಳು ಟಿಎಂಸಿ ಚಿಲ್ಲರ ನೀರು ಹಿಡೀತದ. ತುಂಬೇತಿ ಅಂತೀವಿ. ಆದ್ರ ನವಲಗುಂದ, ನರಗುಂದದ ಕಡೆ ಕಾಲುವಿ ಕೊನೀ ಹೊಲಕ್ಕ ಮುಟ್ಟಂಗಿಲ್ಲ. ಯಾಕ? ಮ್ಯಾಲಿನಾಂವ ತೂಬು ಮುಚ್ಚಂಗಿಲ್ಲ. ಅವಗ ಸಾಕಾಗಿರತದ, ಹೊಲ ಕೊಳೀತಿರತದ, ಆದ್ರೂ ಮುಚ್ಚಂಗಿಲ್ಲ. ಬಂದ ನೀರು ಯಾಕ ಬಿಡಬೇಕು ಅಂತ. ನೀರ ಬಿಡೂದಕ್ಕ ಯಾವ ಶಾಣ್ಯಾತನಾ ಬೇಕ್ರಿ? ಚಕ್ರ ತಿರುಗಿಸಿದ್ರ ಬರತದ. ನಾ ಮೂವತ್ತು ವರ್ಷ ಪಗಾರ ತಗೊಂಡದ್ದು ಮುಚ್ಚಿಸೂದಕ್ಕ. ಪಾಳಿ ಹಚ್ಚರಿ. ಕೊಳಲಿನವರ ಪಾಳಿ ಇದ್ದಾಗ ಝಾಂಜಿನವರ ತೂಬು ಬಂದ್.”

ಸಂಗೀತದ ಯಾವ ಪುಸ್ತಕದಲ್ಲೂ ನನಗೆ ಇಷ್ಟು ಚೊಕ್ಕ ಪಾಠ ಸಿಕ್ಕಿರಲಿಲ್ಲ. ಅಂದು ಸಂಜೆಯೇ ಗ್ವಾಡಿಗೆ ಸುಣ್ಣದಲ್ಲಿ ಪಾಳಿ ಬರೆದೆ. ಹದಿನಾರು ಮಾತ್ರೆ ಕೊಳಲು, ಎಂಟು ಮಾತ್ರೆ ಸನಾದಿ, ಝಾಂಜಿಗೆ ಕೊನೆಯ ನಾಲ್ಕು. ಝಾಂಜಿನ ಹುಡುಗರ ಕಣ್ಣಲ್ಲಿ ನೀರು. “ಸರ, ಅಲ್ಲೀತನ ನಾವೇನ ಮಾಡೋಣ?” ಕೇಳ್ರೋ, ಅಂದೆ. ಕೇಳುವುದೂ ಒಂದು ಕೆಲಸ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹುಡುಗರ ಮಾತೇಕೆ, ಮೂವತ್ತು ವರ್ಷ ನಾನೂ ಮಕ್ಕಳಿಗೆ “ಜೋರಾಗಿ ಹಾಡ್ರಿ” ಅಂತಲೇ ಅಂದವನು.

ನಡುವೆ ಪೈಪಿನ ಪ್ರಕರಣವೊಂದು ಆಯಿತು. ಅದಕ್ಕೂ ನನ್ನ ಬಾಯಿಯೇ ಕಾರಣ. ಚುರುಮುರಿ ತಿನ್ನುವಾಗ ಮೈಹರಿನ ಬಾಬಾ ಅಲ್ಲಾವುದ್ದೀನ್ ಖಾನರ ಕತೆ ಹೇಳಿದ್ದೆ. ಈಗಿನ ಮಧ್ಯಪ್ರದೇಶದ ಸಂಸ್ಥಾನ ಅದು. 1918ರ ಆಸುಪಾಸು ಸಾಂಕ್ರಾಮಿಕ ರೋಗಕ್ಕೆ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಕೂಡಿಸಿ ಬಾಬಾ ವಾದ್ಯಮೇಳ ಕಟ್ಟಿದರು. ಅರಮನೆಯ ಹಳೆ ಬಂದೂಕಿನ ನಳಿಗೆ ಕೊಯ್ಸಿ, ಸಾಲಾಗಿ ಜೋಡಿಸಿ, ಬಡಿದು ನುಡಿಸುವ ನಳತರಂಗ ಮಾಡಿಸಿದರು. ಕೊಲ್ಲುವ ನಳಿಗೆ ಸರಿಗಮ ಹಾಡಿತು ಅಂತ ನಾನು ಸಾಲಿ ಮಾಸ್ತರನ ಧಾಟಿಯಲ್ಲಿ ಮುಗಿಸುವಷ್ಟರಲ್ಲಿ ಹುಡುಗರು ಎದ್ದು ಹೋಗಿದ್ದರು. ಬಂದೂಕು ಎಲ್ಲಿಂದ ಬರಬೇಕು? ಮರುದಿನ ಯಾರದೋ ಹೊಲದ ಹಳೆ ಕಬ್ಬಿಣದ ಪೈಪು ಬಂತು. ಯಾರದು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಂದು ಮೀಟರಿನ ತುಂಡು ಸಾ ಅಂದಿತು. ಒಬ್ಬ ಜಾಣ, ಅದರ ಅರ್ಧ ಕೊಯ್ದರೆ ಮೇಲಿನ ಸಾ ಬರುತ್ತದೆ ಅಂತ ಐವತ್ತು ಸೆಂಟಿಮೀಟರಿಗೆ ಕೊಯ್ದ. ಬಡಿದರೆ ಅದು ಮೇಲಿನ ಸಾ ಅಲ್ಲ, ಅದರಾಚೆಯ ಸಾ, ಕಿವಿಗೆ ಸೂಜಿ ಚುಚ್ಚಿದಂತೆ. ತಂತಿಯನ್ನು ಅರ್ಧಕ್ಕೆ ಒತ್ತಿದರೆ ಕಂಪನ ಎರಡು ಪಟ್ಟಾಗುತ್ತದೆ, ಒಂದು ಸಪ್ತಕ ಏರುತ್ತದೆ. ಬಡಿದು ನುಡಿಸುವ ಪೈಪಿನ ಲೆಕ್ಕ ಹಾಗಲ್ಲ. ಉದ್ದ ಅರ್ಧವಾದರೆ ಕಂಪನ ನಾಲ್ಕು ಪಟ್ಟು. ಮೇಲಿನ ಸಾ ಬೇಕಾದರೆ ಒಂದು ಮೀಟರಿಗೆ 71 ಸೆಂಟಿಮೀಟರು, ಪಾ ಬೇಕಾದರೆ 82ಕ್ಕೆ ತುಸು ಕಡಿಮೆ. ಇದನ್ನು ವರ್ಗಮೂಲ ಹಾಕಿ ತೋರಿಸಿದೆ. ಗಣಿತದಲ್ಲಿ ನಪಾಸಾದ ಹುಡುಗನೊಬ್ಬ ಅವತ್ತು ವರ್ಗಮೂಲವನ್ನು ಗರಗಸದಿಂದ ಕಲಿತ. ಕೊಯ್ದರೂ ನುಡಿಯಲಿಲ್ಲ. ನಡುವೆ ಹಿಡಿದು ಬಡಿದರೆ “ಠಪ್”, ತುದಿಗೆ ದಾರ ಕಟ್ಟಿದರೂ “ಠಪ್”. ಎರಡೂ ತುದಿಯಿಂದ ಉದ್ದದ ಕಾಲು ಭಾಗಕ್ಕಿಂತ ತುಸು ಈಚೆ, ಮೀಟರಿನ ಪೈಪಿಗೆ 22 ಸೆಂಟಿಮೀಟರಿನ ಹತ್ತಿರ, ಅಲ್ಲಿ ಲೋಹ ಅಲುಗುವುದಿಲ್ಲ. ಅಲ್ಲಿ ಕಟ್ಟಿ ಜೋತುಬಿಟ್ಟಾಗ ಪೈಪು ಗುಡಿಯ ಗಂಟೆಯಂತೆ ಹಾಡಿತು. ಝಾಂಜಿನ ಇಬ್ಬರು ತಾವಾಗಿ ಝಾಂಜು ಬಿಟ್ಟು ಪೈಪಿಗೆ ಬಂದರು. ನನ್ನ ಅರ್ಧ ತಲೆನೋವು ಇಳಿಯಿತು.

ಕಾಕಾ ಒಂದು ಸಂಜೆ ತಾನೇ ಬೇಲಿ ದಾಟಿ ಬಂದು ಕಟ್ಟೆಯ ಮೇಲೆ ಕೂತ. ಸನಾದಿ ಕೇಳಿ ಅವನಿಗೆ 1977ರ ‘ಸನಾದಿ ಅಪ್ಪಣ್ಣ’ ನೆನಪಾಗಿತ್ತು. “ರಾಜಕುಮಾರ ಊದಿದ್ರು” ಅಂದ. ಊದಿದವರು ಬಿಸ್ಮಿಲ್ಲಾ ಖಾನರು ಅಂದೆ. “ಇರಲಿ, ಹಿಡಕೊಂಡಿದ್ದು ರಾಜಕುಮಾರ ಹೌದಲ್ಲೋ?” ಅಂದ. ಅಷ್ಟರಲ್ಲಿ ಕರೆಂಟು ಹೋಯಿತು. ನಾನು ಬೀಸುತ್ತಿದ್ದ ಕೈ ಕತ್ತಲಲ್ಲಿ ಕರಗಿತು. ಮಕ್ಕಳು ನಿಲ್ಲಿಸಲಿಲ್ಲ. ಹೇಳಬಾರದು, ಹೇಳುತ್ತೇನೆ: ಅಷ್ಟು ದಿನದಲ್ಲಿ ಅವರು ಅಷ್ಟು ಚೆನ್ನಾಗಿ ಕೂಡಿ ನುಡಿಸಿದ್ದು ಅದೇ ಮೊದಲು. ನನ್ನನ್ನು ನೋಡುವುದು ತಪ್ಪಿದ ಮೇಲೆ ಒಬ್ಬರನ್ನೊಬ್ಬರು ಕೇಳತೊಡಗಿದ್ದರು.

“ಗದಗಿನ ಆಶ್ರಮದಾಗ ಹಿಂಗ ಅಲ್ಲೇನ್ರಿ?” ಕಾಕಾ ಕತ್ತಲಲ್ಲಿ ಅಂದ. ಹೌದಲ್ಲ. ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ, ಎದುರು ಕೂತ ಎಷ್ಟೋ ಮಕ್ಕಳಿಗೂ ಇರಲಿಲ್ಲ. ನಾಟಕ ಕಂಪನಿ ನಡೆಸಿ, ಆ ದುಡ್ಡಿನಲ್ಲಿ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಆ ಮೇಳದಲ್ಲಿ ಕೈ ಬೀಸಿದರೆ ಯಾರು ನೋಡಬೇಕು? ಪುಟ್ಟರಾಜರು 1914ರಲ್ಲಿ ಹುಟ್ಟಿ 2010ರವರೆಗೆ ಬಾಳಿದರು, ಕಿವಿಯೊಂದರಿಂದಲೇ ತಲೆಮಾರುಗಳನ್ನು ಕೂಡಿಸಿ ನುಡಿಸಿದರು.

“ಹಂಗಾದ್ರ ಮಾಸ್ತರ, ನೀವ ಏನ ಮಾಡಾಕತ್ತೀರಿ ಅಲ್ಲಿ ನಿಂತು?” ಕಾಕಾನ ದನಿಯಲ್ಲಿ ಕುಹಕ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. ವೆನಿಜುವೆಲಾ ದೇಶದ ಅಬ್ರೂ ಎಂಬ ಅರ್ಥಶಾಸ್ತ್ರಜ್ಞ 1975ರಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಹನ್ನೊಂದು ಹುಡುಗರನ್ನು ಇಟ್ಟುಕೊಂಡು ಶುರು ಮಾಡಿದ್ದು ದೇಶದ ತುಂಬ ಬಡಮಕ್ಕಳ ಆರ್ಕೆಸ್ಟ್ರಾ ಆಗಿ ಬೆಳೆಯಿತು ಅಂತ ನನ್ನ ಪರವಾಗಿ ವಕೀಲಿ ಮಾಡಿಕೊಂಡೆ. “ಅವಗ ಸರಕಾರ ರೊಕ್ಕಾ ಕೊಟ್ಟಿತ್ತೇನು?” ಕೊಟ್ಟಿತ್ತು. “ನಿಮಗ?” ನಮಗೆ ಗಣಪತಿ ಪಟ್ಟಿಯಲ್ಲಿ ಉಳಿದ ದುಡ್ಡು, ಅದರಲ್ಲಿ ಡೊಳ್ಳಿನ ಹಗ್ಗವೂ ಬರಲಿಲ್ಲ. ಕರೆಂಟು ಬಂತು, ಲಯ ಕೆಟ್ಟಿತು.

ಹುಡುಗರ ಕಣ್ಣು ಇರುವುದು ಕಿತ್ತೂರಿನ ಮೇಲೆ. ಅಕ್ಟೋಬರ್ 23ಕ್ಕೆ ಉತ್ಸವ. 1824ರಲ್ಲಿ ಕಿತ್ತೂರಿನವರು ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡವಿದ ದಿನ. ಆ ಮೆರವಣಿಗೆಯಲ್ಲಿ ನಾಡಿನ ಮೇಳಗಳೆಲ್ಲ ಬರುತ್ತವೆ, ನಾವೂ ಹೋಗೋಣ ಅಂತ ದಿನಾ ಜೀವ ತಿನ್ನುತ್ತಿದ್ದರು. ಮೊದಲು ಓಣಿ ಗಣಪತಿ ಮುಂದೆ ಮರ್ಯಾದೆ ಉಳಿಸ್ರಿ ಅಂದೆ.

ಗಣಪತಿ ಕೂಡಿಸಿದ ಏಳನೆಯ ದಿನ ಸಂಜೆ ನುಡಿಸಿದರು. ಕುರ್ಚಿ ಸಾಲಲಿಲ್ಲ, ಗೋಣಿಚೀಲ ಹಾಸಿದೆವು. ಹನ್ನೆರಡು ನಿಮಿಷದ ತುಣುಕು. ಕೊಳಲಿನ ಪಾಳಿಯಲ್ಲಿ ಕೊಳಲು ಕೇಳಿತು. ನಾಲ್ಕು ಝಾಂಜು ತೊಡೆಯ ಮೇಲೆ ತೆಪ್ಪಗಿದ್ದವು, ಹುಡುಗರ ತುಟಿಯಲ್ಲಿ ಮಾತ್ರ ಎಣಿಕೆ ನಡೆದಿತ್ತು. ಚೌಡಿಕೆಯ ಹುಡುಗಿ ಹಾರ್ಮೋನಿಯಂ ಕಡೆ ತಿರುಗಿ ಕೂಡ ನೋಡದೆ ಸರಿಯಾಗಿ ಅದರ ಸಾಗೇ ಬಂದಳು. ನಾಲ್ಕು ಢೋಲು, ಮೂರು ಡೊಳ್ಳು ಮೆಟ್ಟಿಲ ಮೇಲೆ ಮೆಟ್ಟಿಲು ಏರಿದವು, ಜಾರಲಿಲ್ಲ. ನಾನು ಉದ್ದ ಸೀಟಿ ಊದಿದೆ. ನಿಂತರು. ಎಲ್ಲರೂ, ಒಮ್ಮೆಲೆ, ಕತ್ತರಿಸಿದ ಹಾಗೆ. ಅಂಥ ಮೌನಕ್ಕಾಗಿ ನಾನು ಆರು ವಾರ ಗಂಟಲು ಹರಿದುಕೊಂಡಿದ್ದೆ.

ಟಣಕ್.

ಜನ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ರಾತ್ರಿಯೆಲ್ಲ ಆ ಒಂದು ಪೆಟ್ಟು ಕಿವಿಯಲ್ಲಿ. ಮುಂಜಾನೆ ಕಪ್ಪು ಹಿಡಿದು ಬೇಲಿಗೆ ಹೋದಾಗ ಕಾಕು ಬಳ್ಳಿಗೆ ನೀರು ಹಾಕುತ್ತಿದ್ದಳು.

“ಮಾಸ್ತರ, ನೀವ ಹೇಳಿದ್ದು ಖರೆ ಆತು ನೋಡ್ರಿ. ಹಾಡ ಇಲ್ಲದನೂ ಕುಂದರಬಹುದು. ಎಲ್ಲಾ ಚಲೋ ಬಾರಿಸಿದ್ರು.” ತಂಬಿಗೆ ಕೆಳಗಿಟ್ಟು, ದನಿ ಇಳಿಸಿದಳು. “ಆದ್ರ ಎಲ್ಲಾ ಮುಗದ ಮ್ಯಾಲೆ, ಸುಮ್ಮನಾದ ಮ್ಯಾಲೆ, ಆ ಸಣ್ಣಾಂವ ಒಂದ ಹಾಕಿದ ನೋಡ್ರಿ, ಟಣಕ್ ಅಂತ. ನನ್ನ ಮೈ ಜುಮ್ ಅಂತು. ಅದನ್ನ ಕಲಸಾಕ ನಿಮಗ ಭಾಳ ದಿನಾ ಹಿಡೀತೇನ್ರಿ?”

ಬೇಲಿಯ ಮೇಲೆ ಎರಡು ಎಳೆ ಹೀರೇಕಾಯಿ ಜೋತಿದ್ದವು, ನಮ್ಮ ಕಡೆಗೇ. ನಾನು ಚಹಾ ಕುಡಿದೆ.

“ಹೂಂ ಕಾಕು,” ಅಂದೆ. “ಆರು ವಾರ.”